ಪೂಜೆಗೆ ಕುಳಿತ ಇಂಪ್ಯಾಕ್ಟ್ ರೆಂಚ್

ಖಂಡೇನವಮಿಯ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಚೆಂಡುಹೂ ತುಂಬಿದ ಟೆಂಪೋ ನಿಮ್ಮ ಮನೆ ಗೇಟಿನ ಮುಂದೆಯೇ ಪಂಕ್ಚರ್ ಆದರೆ ಏನು ಮಾಡುತ್ತೀರಿ? ಗಾಲಿ ಬಿಚ್ಚುತ್ತೀರಿ. ನಾವು ಕೈಕಟ್ಟಿ ನಿಂತಿದ್ದೆವು.

ಯಾಕೆಂದರೆ ಗಾಲಿ ಬಿಚ್ಚುವ ಅಷ್ಟೂ ಸಾಮಾನು ದೇವರ ಮುಂದೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಮೊದಲಿನಿಂದ ಹೇಳುತ್ತೇನೆ. ಪುಣೆಯ ಮಾರ್ಕೆಟ್ ಯಾರ್ಡಿನಿಂದ ಹೂವು, ಹಣ್ಣು ಸಾಗಿಸುವ ಟೆಂಪೋ ವ್ಯವಹಾರ ನಮ್ಮ ಮನೆಯವರದು. ಮಳೆಗಾಲ ಮುಗಿಯುವಷ್ಟರಲ್ಲಿ ಗಾಲಿಯ ನಟ್ಟುಗಳು ತುಕ್ಕು ಹಿಡಿದು, ಬೆಸುಗೆ ಹಾಕಿದ ಹಾಗೆ ಕೂತುಬಿಡುತ್ತವೆ. ಈ ಸಲ ಲೋಣಾವಳಾ ಘಾಟಿನಲ್ಲಿ ಡ್ರೈವರ್ ತಾನಾಜಿ ಪಾನಾದ (ಅಂದರೆ ಸ್ಪ್ಯಾನರಿನ) ಹಿಡಿಕೆಗೆ ಉದ್ದನೆಯ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ಕುಣಿದು, ನಟ್ಟಿನ ಬದಲು ತನ್ನ ಸೊಂಟವನ್ನೇ ಸಡಿಲ ಮಾಡಿಕೊಂಡ. ಆಗ ಮನೆಯಲ್ಲಿ ನಿರ್ಣಯವಾಯಿತು. ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್ ಬೇಕು! ವೈರ್ ಬೇಡ, ಕಂಪ್ರೆಸರ್ ಬೇಡ. ಗುಂಡಿ ಒತ್ತಿದರೆ ಟರ್ರನೆ ಬಡಿದು ಬಡಿದು ಎಂಥ ನಟ್ಟನ್ನೂ ಬಿಚ್ಚುವ ಯಂತ್ರ.

ಸರಿ, ತನ್ನಿ ಎಂದೆ. ಅಷ್ಟು ಸುಲಭವೇ?

ಹೆಣ್ಣು ನೋಡಲು ಬಂದ ದಿನ ಇದೇ ಗಂಡಸು ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಒಪ್ಪಿಗೆ ಎಂದಿದ್ದರು. ರೆಂಚಿನ ವಿಷಯದಲ್ಲಿ ಮಾತ್ರ ದುಡುಕುವುದಿಲ್ಲವಂತೆ. ಐಟಿಯಲ್ಲಿರುವ ನನ್ನ ಮೈದುನ ಗುರು ಎಕ್ಸೆಲ್ ಶೀಟ್ ತೆರೆದ. ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಊಟಕ್ಕೆ ಕೂತರೂ ಅದೇ ಮಾತು. ಬಿಗಿಯುವ ಟಾರ್ಕ್ ಬೇರೆ, ಬಿಚ್ಚುವ ಟಾರ್ಕ್ ಬೇರೆ, ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕುವುದು ಯಾವುದನ್ನು? ಸಾಕೆಟ್ ಕೂರುವ ತುದಿ ಅರ್ಧ ಇಂಚಿನದೋ, ಮುಕ್ಕಾಲು ಇಂಚಿನದೋ? ಮೋಟರಿಗೆ ಬ್ರಶ್ ಇರಬೇಕೋ, ಬೇಡವೋ? ಅಮೆರಿಕದ ಯಾರೋ ಗಡ್ಡದವನು ಲಾರಿಯ ನಟ್ಟು ಬಿಚ್ಚುವ ವಿಡಿಯೋವನ್ನು ಅಣ್ಣ ತಮ್ಮ ಇಬ್ಬರೂ ಕ್ರಿಕೆಟ್ ಫೈನಲ್ಲಿನಂತೆ ಉಸಿರು ಬಿಗಿಹಿಡಿದು ನೋಡಿದರು. (ಅವನು ಬಿಚ್ಚಿದ. ಇವರು ಚಪ್ಪಾಳೆ ತಟ್ಟಿದರು.)

"ತಾನಾಜಿನ್ನ ಕೇಳೀರೇನು? ಕೈಯಾಗ ಹಿಡಿಯಾಂವ ಅವನ ಅಲ್ಲ?" ಎಂದೆ.

"ಅವಗೇನ ತಿಳೀತದ? ಅವ ಗಾಡಿ ಹೊಡಿಯಾಂವ," ಎಂದರು ಇವರು.

ಕೊನೆಗೊಮ್ಮೆ ಅಂಗಡಿಗೆ ಹೋದೆವು. ಇವರು ಒಂದೊಂದೇ ರೆಂಚನ್ನು ಎತ್ತಿ, ಕಲ್ಲಂಗಡಿ ಹಣ್ಣಿನ ಹಾಗೆ ಬೆರಳಿನಿಂದ ಬಡಿದು ನೋಡಿದರು. ಟಾರ್ಕ್, ಬ್ಯಾಟರಿ, ಎಕ್ಸೆಲ್ ಎಲ್ಲ ಎಲ್ಲೋ ಹೋಯಿತು. "ಇದು ಭಾಳ ಭಾರ ಅದ. ಇದ ಗಟ್ಟಿ," ಎಂದರು. ಅಂಗಡಿಯವನು ಕನ್ನಡಕದ ಮೇಲಿನಿಂದ ನೋಡಿ, "ಸಾಹೇಬ್, ಘ್ಯಾಯಚಂ ಆಹೇ ಕಾ ನುಸತಂ ಬಘಾಯಚಂ?" ಎಂದ. ಕೊಳ್ಳುವುದೋ, ಬರೀ ನೋಡುವುದೋ? ಪುಣೆಯ ಅಂಗಡಿಯವರ ಈ ಪ್ರೀತಿಗೆ ಸೋಲದವರು ಯಾರು? ಅವಮಾನ ತಡೆಯಲಾರದೆ ಭಾರದ್ದನ್ನೇ ಕೊಂಡೆವು.

ಮನೆಗೆ ಬಂದದ್ದೇ ಅತ್ತೆಯ ಆಜ್ಞೆ ಹೊರಟಿತು. "ಹೊಸಾ ವಸ್ತು. ಖಂಡೇಪೂಜಿ ಆಗೂತನಕ ಸೀಲ್ ಒಡೀಬ್ಯಾಡ್ರಿ."

ನವಮಿಯ ಬೆಳಿಗ್ಗೆ ಸೀಲ್ ಒಡೆಯಿತು. ರೆಂಚ್ ಮಣೆಯೇರಿತು. ಪಕ್ಕದಲ್ಲಿ ಜಾಕ್, ಪಾನಾ, ಇಕ್ಕಳ, ಗುರುವಿನ ಲ್ಯಾಪ್‌ಟಾಪ್. ಒಮ್ಮೆ ಪೂಜೆಯಾದರೆ ಮರುದಿನ ದಸರೆಯವರೆಗೆ ಆಯುಧ ಮುಟ್ಟುವ ಹಾಗಿಲ್ಲ. "ಲ್ಯಾಪ್‌ಟಾಪ್ ಪೂಜಾಕ್ಕ ಕುಂತದ, ಮೀಟಿಂಗ್ ಆಗಂಗಿಲ್ಲ," ಎಂದು ಗುರು ಆಫೀಸಿಗೆ ಭಕ್ತಿಯಿಂದ ಮೆಸೇಜು ಹಾಕಿದ. (ಮೊಬೈಲನ್ನು ಮಾತ್ರ ಯಾರೂ ಪೂಜೆಗೆ ಇಟ್ಟಿರಲಿಲ್ಲ. ಅದು ಆಯುಧವಲ್ಲ, ಅಂಗಾಂಗ.)

ಅಷ್ಟರಲ್ಲಿ ಲೋಣಾವಳಾಕ್ಕೆ ಹೊರಟಿದ್ದ ಹೂವಿನ ಟೆಂಪೋ ಆರತಿಗೆಂದು ನಮ್ಮ ಕೋಥರೂಡಿನ ಸೊಸೈಟಿ ಗೇಟಿಗೆ ಬಂತು. ಅತ್ತೆ ಆರತಿ ಎತ್ತಿದರು. ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟೆವು. ತಾನಾಜಿ ಗಾಡಿ ಮುಂದೆ ತಂದ. ಲಿಂಬೆಹಣ್ಣು ಅಪ್ಪಚ್ಚಿ. ಹಿಂದಿನ ಟೈರೂ ಅಪ್ಪಚ್ಚಿ.

ಚೆಂಡುಹೂವಿಗೆ ಮಾನ ಇರುವುದು ದಸರೆಯವರೆಗೆ. ಆಮೇಲೆ ಎಮ್ಮೆಯೂ ಮೂಸುವುದಿಲ್ಲ. ಲೋಣಾವಳಾದ ವ್ಯಾಪಾರಿಗಳಿಂದ ಫೋನಿನ ಮೇಲೆ ಫೋನು. ಮಧ್ಯಾಹ್ನದೊಳಗೆ ಹೂವು ಬರದಿದ್ದರೆ ಮುಂದಿನ ವರ್ಷದಿಂದ ಬೇರೆ ಟೆಂಪೋ ನೋಡಿಕೊಳ್ಳುತ್ತಾರಂತೆ. ಇವರ ಮುಖ ನೋಡಲಾಗಲಿಲ್ಲ. ವರ್ಷಗಟ್ಟಲೆ ಕಟ್ಟಿಕೊಂಡ ಗಿರಾಕಿಗಳು.

ಪಂಕ್ಚರ್ ಅಂಗಡಿಗೆ ಫೋನ್ ಮಾಡಿದರೆ, "ಆಜ್ ಪಾನೇ ಪೂಜೇಲಾ ಬಸಲೇತ್," ಎಂಬ ಉತ್ತರ. ಅವನ ಪಾನಾಗಳೂ ಪೂಜೆಗೆ ಕೂತಿದ್ದವು. ಗೆಳೆಯ ಟ್ರಾನ್ಸ್‌ಪೋರ್ಟಿನವರದೂ ಅದೇ ಕಥೆ. ಗಾಡಿಗಳೆಲ್ಲ ಓಡಬಹುದು, ಕೆಟ್ಟರೆ ಮಾತ್ರ ರಿಪೇರಿ ಮಾಡಬಾರದು. ಎಂಥ ಏರ್ಪಾಡು!

ಇವರು ಬೆಕ್ಕಿನ ಹೆಜ್ಜೆಯಲ್ಲಿ ದೇವರ ಮನೆಗೆ ಹೋಗಿ, ಗಲ್ಲ ಗಲ್ಲ ಬಡಿದುಕೊಂಡು, ರೆಂಚ್ ಎತ್ತಿ ಗುಂಡಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಉಹೂಂ. ಮಡಿಯಿಂದ ಸೀಲ್ ಒಡೆಯದೆ ಇಟ್ಟ ಯಂತ್ರವನ್ನು ಚಾರ್ಜ್ ಮಾಡಿದವರು ಯಾರು? ಈಗ ಚಾರ್ಜಿಗೆ ಹಾಕಿದರೆ ತುಂಬುವಷ್ಟರಲ್ಲಿ ಮಧ್ಯಾಹ್ನ. ಬಿಚ್ಚುವ ಟಾರ್ಕ್, ಬಿಗಿಯುವ ಟಾರ್ಕ್ ಎರಡೂ ಸೊನ್ನೆ.

ಉಳಿದದ್ದು ಹಳೇ ಪಾನಾ.

"ಟೆಕ್ನಿಕಲಿ ಪೂಜಾ ಮುಗದದ, ವಿಸರ್ಜನಾ ಆಗಿಲ್ಲ," ಎಂದು ಗುರು ಕಾನೂನು ತೆಗೆದ. "ಅವ್ವ ಒಪ್ಪೂದಿಲ್ಲ," ಎಂದರು ಇವರು. ಇಬ್ಬರೂ ನನ್ನ ಕಡೆ ನೋಡಿದರು. ಸರಿ, ನಾನೇ ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ.

"ತಗೋರಿ. ಯಾರು ಬ್ಯಾಡಂದಾರ?" ಎಂದರು ಅತ್ತೆ, ತಲೆಯನ್ನೂ ಎತ್ತದೆ.

ತಾನಾಜಿ ಕುಂಕುಮದ ಪಾನಾಕ್ಕೆ ಮತ್ತೆ ಪೈಪು ಸಿಕ್ಕಿಸಿದ. ಈ ಸಲ ಅಣ್ಣ ತಮ್ಮ ಇಬ್ಬರೂ ಪೈಪಿಗೆ ಜೋತುಬಿದ್ದರು. ನಟ್ಟು ಕಿರುಚುತ್ತ ಬಿಟ್ಟುಕೊಟ್ಟಿತು. ಸ್ಟೆಪ್ನಿ ಏರಿತು, ಹೂವು ಹೊರಟಿತು. ಊಟದ ಹೊತ್ತಿಗೆ ತಾನಾಜಿಯ ಫೋನು ಬಂತು. ಬುಟ್ಟಿ ಇಳಿಸುವ ಮೊದಲೇ ವ್ಯಾಪಾರಿಗಳು ಮುತ್ತಿಕೊಂಡಿದ್ದರಂತೆ. ಇವರು ಆಗ ಮೊದಲ ತುತ್ತು ನುಂಗಿದರು.

ಹೋಳಿಗೆ ಮುರಿಯುತ್ತಿದ್ದ ಗುರುವಿಗೆ ಆಗ ಧರ್ಮಸಂಕಟ ಶುರುವಾಯಿತು. "ಅಲ್ಲವ್ವಾ, ಇವತ್ತ ಆಯುಧ ಮುಟ್ಟಬಾರದು ಅಂತ ಪ್ರತಿ ವರ್ಷಾ ನೀನ ಹೇಳ್ತಿದ್ದಿ. ಇವತ್ತ ಹೆಂಗ ಒಪ್ಪಿದಿ?"

ಅತ್ತೆ ಅವನ ತಾಟಿಗೆ ಇನ್ನೊಂದು ಸೌಟು ಪಲ್ಯ ಬಡಿಸಿ ಹೇಳಿದರು: "ಈಳಿಗಿಗೂ ಮುಂಜಾನೆ ಕುಂಕುಮ ಹಚ್ಚೀನಪಾ. ಈ ಬದನೀಕಾಯಿ ಏನು ತಾನ ಹೆಚ್ಚಿಕೊಂಡು ಬಂತೇನು?"