ಎರಡು ಬಾಗಿಲಿನ ಜೋಡಿ ಫ್ಲ್ಯಾಟು

ಡೊಂಬಿವಲಿಯ ನಮ್ಮ ಹಳೆಯ ಕಟ್ಟಡದ ಗೋಡೆಯ ಮೇಲೆ ಪಾಲಿಕೆಯವರು ಕೆಂಪು ಬಣ್ಣದಲ್ಲಿ ‘ಸಿ-1’ ಎಂದು ದೊಡ್ಡದಾಗಿ ಬರೆದು ಹೋದಾಗ ಅತ್ತೆ ಅದನ್ನು ಬಸ್ಸಿನ ನಂಬರು ಎಂದುಕೊಂಡರು. ಇನ್ನು ಮೇಲೆ ಬಾಗಿಲಿಗೇ ಬಸ್ಸು ಬರುತ್ತದೆ ಎಂದು ಸಂತೋಷವನ್ನೂ ಪಟ್ಟರು. ಸಂಜೆ ನನ್ನ ಗಂಡ ಕೆಲಸದಿಂದ ಬಂದು, ಸಿ-1 ಎಂದರೆ ತೀರ ಅಪಾಯದ ಕಟ್ಟಡ, ಎಲ್ಲರೂ ಖಾಲಿ ಮಾಡಬೇಕು, ಇದನ್ನು ಕೆಡವುತ್ತಾರೆ ಎಂದು ಬಿಡಿಸಿ ಹೇಳಿದರು. ಅತ್ತೆ ತಲೆಯೆತ್ತಿ ಛತ್ತನ್ನು ನೋಡಿದರು. ಅಲ್ಲಿ ಪ್ಲಾಸ್ಟರು ಉದುರಿ ಕಬ್ಬಿಣದ ಸರಳುಗಳು ಕಾಣಿಸಿಕೊಂಡು ಎರಡು ಮಳೆಗಾಲ ಕಳೆದಿತ್ತು.

“ಜೀವಕ್ಕ ಅಪಾಯ ಐತಿ ಅಂತ ಹೇಳಾಕ ಅವರಿಗೆ ಒಂದs ಅಕ್ಷರ ಸಾಕಾತೇನು?” ಎಂದು ಕೇಳಿದರು.

ನಾವು ಬಾಗಲಕೋಟೆ ಕಡೆಯವರು. ಗಂಡನಿಗೆ ಐರೋಲಿಯ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ನಾನು ಮನೆಯಲ್ಲೇ ಓಣಿಯ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದೆ. ಮದುವೆಯಾಗಿ ಬಂದಾಗಿನಿಂದ ಆ ಕಟ್ಟಡದ ಮೂರನೆಯ ಮಾಳಾದಲ್ಲೇ ಬಾಡಿಗೆಗಿದ್ದೆವು. ಊರಿನಲ್ಲಿ ಮಾಳಿಗೆ ಎಂದರೆ ಮೇಲಿನ ಮಣ್ಣಿನ ಛಾವಣಿ. ಇಲ್ಲಿ ಮಾಳಾ ಎಂದರೆ ಮಹಡಿ. ಅಡುಗೆಮನೆಯ ಮೂಲೆಯಲ್ಲೇ ಮೋರಿ ಇದೆ ಎಂದು ಮೊದಲ ಸಲ ಕೇಳಿದಾಗ ಊರಿನ ಚರಂಡಿ ಕಣ್ಣಿಗೆ ಬಂದು ಗಾಬರಿಯಾಗಿದ್ದೆ. ಆಮೇಲೆ ನೋಡಿದರೆ ಅದು ಪಾತ್ರೆ ತೊಳೆಯುವ ಪುಟ್ಟ ಕಟ್ಟೆ. ಹೀಗೆ ಒಂದೊಂದೇ ಮಾತು ಕಲಿತು ಮನೆಗೆ ಹೊಂದಿಕೊಂಡಿದ್ದೆ.

ಪಕ್ಕದ ಮನೆಯಲ್ಲಿ ಉಡುಪಿಯ ದಂಪತಿ. ಯಜಮಾನರು ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನ ಪಾಲುದಾರರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಮಧ್ಯಾಹ್ನವೆಲ್ಲ ಅಕ್ಕ ಮತ್ತು ಅತ್ತೆ ಬಾಗಿಲ ಮುಂದಿನ ಗ್ಯಾಲರಿಯಲ್ಲಿ ಎದುರುಬದುರು ಕೂತು ಸೊಪ್ಪು ಸೋಸುತ್ತಿದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಅವರವರೇ ತುಂಬಿಕೊಳ್ಳುತ್ತಿದ್ದುದರಿಂದ ಮಾತು ಎಂದೂ ನಿಲ್ಲುತ್ತಿರಲಿಲ್ಲ.

ಖಾಲಿ ಮಾಡಬೇಕೆಂಬ ಸುದ್ದಿ ಬಂದ ಮಾರನೆಯ ದಿನ ಅತ್ತೆ ತೀರ್ಮಾನ ಹೇಳಿಬಿಟ್ಟರು. “ಮನಿ ಎಲ್ಲೇ ಸಿಗಲಿ, ಬಾಜೂಕ ಅಕ್ಕಾರು ಇರಬೇಕು.”

ಗಂಡ ನಕ್ಕರು. ಅತ್ತೆ ನಗಲಿಲ್ಲ.

ಮನೆ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಇಂಗ್ಲಿಷ್ ಕಲಿಸುವವಳಲ್ಲವೇ ಎಂದು ಎಲ್ಲರ ಭರವಸೆ. ಒಬ್ಬ ಮರಾಠಿ ದಲ್ಲಾಳಿಯ ನಂಬರು ಸಿಕ್ಕಿತು. ಆತ ದಿನಕ್ಕೆ ಹತ್ತಾರು ಮೆಸೇಜು ಕಳಿಸುತ್ತಿದ್ದ. ಅದು ನಾನು ಕಲಿಸುವ ಇಂಗ್ಲಿಷ್ ಆಗಿರಲಿಲ್ಲ. ಸ್ವರಗಳನ್ನೆಲ್ಲ ನುಂಗಿ ವ್ಯಂಜನಗಳನ್ನಷ್ಟೇ ಉಗುಳಿದ ಹಾಗಿತ್ತು. ಎಸ್‌ಎಫ್ ಎಂದರೆ ಅರೆಬರೆ ಪೀಠೋಪಕರಣ ಇರುವ ಮನೆ. ಜಿ ಪ್ಲಸ್ ಫೋರ್ ಎಂದರೆ ನೆಲದ ಮೇಲೆ ನಾಲ್ಕು ಮಹಡಿ, ಸಾಮಾನ್ಯವಾಗಿ ಲಿಫ್ಟ್ ಇಲ್ಲ ಎಂದು ನಾವೇ ತಿಳಿದುಕೊಳ್ಳಬೇಕು. ಡ್ರೈ ಬಾಲ್ಕನಿ ಎಂದರೆ ಒಂದು ವಾಷಿಂಗ್ ಮಶೀನ್ ಇಟ್ಟರೆ ಮನುಷ್ಯ ನಿಲ್ಲಲು ಜಾಗ ಇಲ್ಲದ ಮೂಲೆ. ನಾನು ಗ್ಯಾಲರಿಯಲ್ಲಿ ಕೂತು ಗಟ್ಟಿಯಾಗಿ ಓದುವುದು, ಆ ಇಬ್ಬರು ತಮಗೆ ತಿಳಿದಂತೆ ಅರ್ಥ ಹೇಳುವುದು ಮಧ್ಯಾಹ್ನದ ಕಾರ್ಯಕ್ರಮವಾಯಿತು.

“ವನ್ ಆರ್‌ಕೆ,” ಎಂದು ಓದಿದೆ.

ಅಕ್ಕ ನಗಲು ಶುರು ಮಾಡಿದರು. “ಒಂದು ಕೋಣೆ, ಒಂದು ಅಡುಗೆಮನೆ ಅಂತ ಈಗ ಗೊತ್ತುಂಟು. ನಾನು ಊರಿಂದ ಬಂದ ಹೊಸತರಲ್ಲಿ ಆರ್‌ಕೆ ಅಂದ್ರೆ ಧಣಿಗಳ ಹೆಸರು ಅಂತ ಮಾಡಿದ್ದೆ ಮಾರಾಯ್ತಿ. ಡೊಂಬಿವಲಿ ಇಡೀ ಒಬ್ಬನದ್ದೇ ಮನೆಗಳು ಎಂತ ಅಂತ!”

“ಕಾರ್ಪೆಟ್ ಇಷ್ಟು, ಸೂಪರ್ ಬಿಲ್ಟ್‌ಅಪ್ ಇಷ್ಟು,” ಎಂದು ಮುಂದಕ್ಕೆ ಓದಿದೆ.

“ಜಮಖಾನಿ ಅವರs ಹಾಸಿ ಕೊಡತಾರಂತೇನು?” ಎಂದರು ಅತ್ತೆ.

ಅದು ಜಮಖಾನೆಯಲ್ಲ, ಗೋಡೆಯೊಳಗೆ ನಾವು ಕಾಲಿಡುವಷ್ಟು ಜಾಗ. ಇನ್ನೊಂದರಲ್ಲಿ ಗೋಡೆಯ ದಪ್ಪ, ಮೆಟ್ಟಿಲು, ಲಿಫ್ಟಿನ ಪಾಲು ಎಲ್ಲ ಸೇರುತ್ತದೆ ಎಂದು ವಿವರಿಸಿದೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, “ಮೆಟ್ಟಲದಾಗ ನಮ್ಮ ಪಾಲಿಗೆ ಬಂದಿದ್ದರಾಗ ಹಾಸಿಗಿ ಹಾಸಬಹುದೇನು?” ಎಂದು ಕೇಳಿದರು.

ಎಲ್ಲಕ್ಕಿಂತ ಹೆಚ್ಚು ಗೊಂದಲವಾದದ್ದು ‘ಓಸಿ ರಿಸೀವ್ಡ್’ ಎಂಬುದರಲ್ಲಿ. ಓಸಿ ಎಂದರೆ ಪುಕ್ಕಟೆ ಎಂದು ಅಕ್ಕನ ಕಣ್ಣು ಅರಳಿತು. ಅತ್ತೆಯ ಮುಖ ಗಂಭೀರವಾಯಿತು. ನಮ್ಮ ಊರ ಕಡೆ ಓಸಿ ಎಂದರೆ ನಂಬರು ಹಚ್ಚುವ ಜೂಜು.

“ಅಂಥಾ ಮಂದಿ ಇದ್ದಲ್ಲೆ ನಾ ಕಾಲಿಡಂಗಿಲ್ಲ,” ಎಂದರು.

“ಪುಕ್ಕಟೆ ಸಿಗೂದಾದ್ರೆ ಒಮ್ಮೆ ನೋಡುವ ಅಮ್ಮ,” ಎಂದರು ಅಕ್ಕ.

ಕಟ್ಟಡದಲ್ಲಿ ಜನ ವಾಸ ಮಾಡಬಹುದೆಂದು ಪಾಲಿಕೆ ಕೊಡುವ ಪತ್ರ ಅದು ಎಂದು ನಾನು ಗಂಡನಿಂದ ಕೇಳಿ ತಿಳಿದು ಹೇಳುವ ತನಕ ಆ ಜಗಳ ನಡೆದೇ ಇತ್ತು.

ಮೊದಲು ನೋಡಲು ಹೋದದ್ದು ಘಣಸೋಲಿಗೆ. ಮೆಸೇಜಿನಲ್ಲಿ ‘ಗಾವಠಾಣ’ ಎಂದಿತ್ತು. ಅದು ಯಾವುದೋ ಕಾಲೊನಿಯ ಹೆಸರು ಎಂದು ನಾನು ತಿಳಿದಿದ್ದೆ. “ಊರಿನ ಹಳೇ ಜಾಗ ಅದು, ನಮ್ಮ ಕಡೆನೂ ಹಂಗs ಅಂತಾರ,” ಎಂದು ರೈಲಿನಲ್ಲಿ ಅತ್ತೆ ಹೇಳಿದರು. ಹಾಗೇ ಇತ್ತು. ಆಚೆ ಹೊಸ ಸೆಕ್ಟರುಗಳ ಅಗಲ ರಸ್ತೆ. ಈಚೆ ಹಳೆಯ ಹಳ್ಳಿಯ ಸಂದಿಗಳಲ್ಲಿ ಒತ್ತೊತ್ತಾಗಿ ಎದ್ದ ಐದಾರು ಮಹಡಿ. ಒಂದು ಬಾಗಿಲಲ್ಲಿ ಬೊಂಬಿಲ್ ಮೀನು ಒಣಗಲು ಹಾಕಿದ್ದರು. ಅಕ್ಕ ಮೀನು ತಿನ್ನುವವರಲ್ಲ, ಆದರೂ ನಿಂತು ಉಸಿರೆಳೆದುಕೊಂಡು, “ನಮ್ಮ ಮಲ್ಪೆಗೆ ಹೋದ ಹಾಗಾಯ್ತು,” ಎಂದರು.

ದಲ್ಲಾಳಿ ತೋರಿಸಿದ ಮನೆಯ ಕಿಟಕಿ ತೆರೆದರೆ ಎದುರು ಕಟ್ಟಡದ ಅಡುಗೆಮನೆ. ಅಲ್ಲಿ ರೊಟ್ಟಿ ಬೇಯಿಸುತ್ತಿದ್ದ ಹೆಂಗಸು ನಮ್ಮನ್ನು ನೋಡಿ ನಕ್ಕಳು. ಅತ್ತೆಯೂ ನಕ್ಕು, ಕೈ ಚಾಚಿ ಅಳತೆ ನೋಡಿದರು. ಇನ್ನೊಂದು ಗೇಣು ಬಾಗಿದ್ದರೆ ಅವಳ ತವೆ ಸಿಗುತ್ತಿತ್ತು.

“ಓಸಿ ಇದೆಯಾ?” ಎಂದು ನಾನು ಹಿಂದಿಯಲ್ಲಿ ಕೇಳಿದೆ, ಹೊಸದಾಗಿ ಕಲಿತ ಹುರುಪಿನಲ್ಲಿ.

ದಲ್ಲಾಳಿ ಹೆಲ್ಮೆಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದ. “ಭಾಭೀ, ಗಾವಠಾಣ್ ಮೇ ಕೌನ್ ಓಸಿ ಪೂಛತಾ ಹೈ?”

ಯಾರೂ ಕೇಳುವುದಿಲ್ಲವಂತೆ. ಸಿ-1 ಕಟ್ಟಡದಿಂದ ಬಂದವರು ಕೇಳುತ್ತಾರೆ ಎಂದು ಹೇಳಿ ಕೆಳಗಿಳಿದೆವು. ಅಲ್ಲಿ ಖಾಲಿ ಇದ್ದದ್ದೂ ಒಂದೇ ಮನೆ.

ಆಮೇಲೆ ಐರೋಲಿ. ಈ ಸಲ ನನ್ನ ಗಂಡನೂ ಬಂದರು. ಲಿಫ್ಟ್, ಕಾವಲುಗಾರ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಕಡೆಯಿಂದ ಗಾಳಿ, ಅವರ ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ. ಅವರು ಬಾಲ್ಕನಿಯಲ್ಲಿ ನಿಂತು ತಮ್ಮ ಆಫೀಸಿನ ಗಾಜಿನ ಕಟ್ಟಡವನ್ನು ನೋಡಿದ ರೀತಿಯಲ್ಲೇ ಮನೆ ಒಪ್ಪಿಗೆಯಾಗಿದೆ ಎಂದು ನನಗೆ ಗೊತ್ತಾಯಿತು. ಡೊಂಬಿವಲಿಯ ಬೆಳಗಿನ ಲೋಕಲ್ ಹತ್ತಿದವರಿಗೆ ಮಾತ್ರ ಆ ಆಸೆ ಅರ್ಥವಾದೀತು. ಆದರೆ ಪಕ್ಕದಲ್ಲಿ ಬೇರೆ ಮನೆ ಇರಲಿಲ್ಲ. ಅಕ್ಕನಿಗೆ ಎರಡು ಸೆಕ್ಟರ್ ಆಚೆ ನೋಡೋಣ ಎಂದ ದಲ್ಲಾಳಿ.

“ಅಡ್ಡಿಯಿಲ್ಲ, ನೀವು ತಕೊಳ್ಳಿ,” ಎಂದು ಅಕ್ಕ ಬಾಯಿಮಾತಿಗೆ ಹೇಳಿದರು. ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಕಡೆಯೇ ಮುಖ ಮಾಡಿದ್ದರು.

ಮನೆಗೆ ಬಂದ ಮೇಲೆ ಅತ್ತೆ ಊಟಕ್ಕೆ ಕೂರಲಿಲ್ಲ. ಗಂಡನಿಗೆ ಸಿಟ್ಟು ಬಂತು. “ಯವ್ವಾ, ನಾವು ಮನಿ ಹುಡುಕಾಕತ್ತೇವೋ, ಬಾಜೂದವರನ್ನ ಹುಡುಕಾಕತ್ತೇವೋ?”

“ಎರಡೂ,” ಎಂದರು ಅತ್ತೆ. “ನೀ ಮುಂಜಾನೆ ಹೋಗಿ ರಾತ್ರಿ ಬರತಿ. ಇಕಿ ಮಕ್ಕಳಿಗೆ ಪಾಠ ಹೇಳತಾಳ. ನಾ ಆ ಗಾಜಿನ ಕಿಟಕಿ ಮುಂದ ಕುಂತು ಯಾರ ಕೂಡ ಮಾತಾಡ್ಲಿ? ಹಿಂದಿ ಒಳಗ?”

ಅತ್ತೆ ಒಂಟಿತನದ ಮಾತನ್ನು ಅಷ್ಟು ಬಿಚ್ಚಿ ಆಡಿದ್ದನ್ನು ನಾವಿಬ್ಬರೂ ಮೊದಲು ಕೇಳಿರಲಿಲ್ಲ. ತಟ್ಟೆ ತಂದು ಅವರ ಮುಂದಿಟ್ಟೆ. ಗಂಡನೇ ಪಲ್ಯ ಬಡಿಸಿದರು. ಐರೋಲಿಯ ಮನೆ ಬೇರೆಯವರಿಗೆ ಹೋಯಿತು.

ಅದಾಗಿ ಕೆಲವು ದಿನಕ್ಕೆ ದಲ್ಲಾಳಿಯ ಮೆಸೇಜು ಬಂತು: ‘ಕಲ್ಯಾಣ ವೆಸ್ಟ್, ಜೋಡಿ ಫ್ಲ್ಯಾಟ್.’ ನಾನು ಗಟ್ಟಿಯಾಗಿ ಓದಿದ್ದೇ ತಡ, ಇಬ್ಬರೂ ಎದ್ದು ನಿಂತರು. ಈ ಒಂದು ಮಾತಿಗೆ ಅರ್ಥ ಕೇಳುವ ಅಗತ್ಯವೇ ಬೀಳಲಿಲ್ಲ. ಜೋಡಿ ಎಂದರೆ ಜೋಡಿ. ಪಕ್ಕಪಕ್ಕದ ಎರಡು ಮನೆ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟರು.

ಕಲ್ಯಾಣದ ಆ ಕಟ್ಟಡದ ಎರಡನೆಯ ಮಹಡಿಯಲ್ಲಿ ನಿಜಕ್ಕೂ ಎರಡು ಬಾಗಿಲುಗಳಿದ್ದವು, ಎರಡು ಕರೆಗಂಟೆ. ದಲ್ಲಾಳಿ ಒಂದನ್ನು ತೆರೆದ. ಒಳಗೆ ಹೋದೆವು. ಹಾಲ್, ಅಡುಗೆಮನೆ, ಮಲಗುವ ಕೋಣೆ. ಹಾಲ್‌ನ ಗೋಡೆಯಲ್ಲಿ ಒಂದು ಅಗಲವಾದ ಕಂಡಿ. ಅದರಾಚೆ ಇನ್ನೊಂದು ಹಾಲ್.

“ಇದು ಒಂದೇ ಮನೆ ಅಲ್ವಾ ಮಾರಾಯ್ರೆ!” ಎಂದರು ಅಕ್ಕ.

ಹೌದು. ಇಲ್ಲಿ ಎರಡು ಫ್ಲ್ಯಾಟುಗಳ ನಡುವಿನ ಗೋಡೆ ಒಡೆದು ಒಂದಾಗಿ ಮಾಡಿದ್ದಕ್ಕೇ ಜೋಡಿ ಫ್ಲ್ಯಾಟ್ ಎನ್ನುತ್ತಾರೆ ಎಂದ ದಲ್ಲಾಳಿ. ದೊಡ್ಡ ಸಂಸಾರದವರು ಕೇಳಿ ಕೇಳಿ ತೆಗೆದುಕೊಳ್ಳುತ್ತಾರಂತೆ. ಅಕ್ಕ ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

ಅತ್ತೆ ಮಾತ್ರ ಕೂರಲಿಲ್ಲ. ಕಂಡಿ ದಾಟಿ ಆಚೆ ಹೋದರು. ಅಲ್ಲಿನ ಕೋಣೆ ನೋಡಿದರು. ಅಡುಗೆಮನೆಯಾಗಿದ್ದುದನ್ನು ಯಾರೋ ಸಾಮಾನಿನ ಕೋಣೆ ಮಾಡಿದ್ದರು. ಗೋಡೆಯಲ್ಲಿ ನಲ್ಲಿ ಹಾಗೇ ಇತ್ತು. ಅದನ್ನು ತಿರುಗಿಸಿದರು. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ಒಳ್ಳೆಯ ನೀರು ಬಂತು. ಆಚೆಯ ಬಾಗಿಲು ತೆಗೆದು ಹೊರಗೆ ಹೋದರು. ಒಂದು ಕ್ಷಣ ಬಿಟ್ಟು ಈಚೆಯ ಬಾಗಿಲಿಂದ ಒಳಗೆ ಬಂದರು. ಮುಖದ ತುಂಬ ನಗು.

“ಅಕ್ಕಾರ, ಇದು ನಂದು, ಅದು ನಿಮ್ದು. ನಡುವ ಒಂದು ಬಾಗಲಾ ಕೂಡಸಿದ್ರ ಮುಗೀತು. ಇನ್ನೇನು ಬೇಕು?”

ಬೇಕಾದದ್ದು ಮನೆಯ ಒಡತಿಯ ಒಪ್ಪಿಗೆ. ಆಕೆ ಪುಣೆಯಲ್ಲಿರುವ ಮರಾಠಿ ಹೆಂಗಸು. ಒಂದೇ ಫ್ಯಾಮಿಲಿಗೆ ಕೊಡುವುದು ಎಂದು ಹಟ. ದಲ್ಲಾಳಿ ಫೋನಿನಲ್ಲಿ ತಡವರಿಸುತ್ತಿದ್ದಾಗ ಅತ್ತೆ ಕೈ ಚಾಚಿ ಫೋನು ಕಸಿದುಕೊಂಡರು. ಚಿಕ್ಕಂದಿನಲ್ಲಿ ಸೊಲ್ಲಾಪುರದ ಸೋದರಮಾವನ ಮನೆಯಲ್ಲಿದ್ದು ಕಲಿತು, ಎಷ್ಟೋ ವರ್ಷಗಳಿಂದ ಆಡದೆ ಬಿಟ್ಟಿದ್ದ ಮರಾಠಿ ಅವರದು.

“ದೋನ್ ಚೂಲೀ, ಏಕ್ ಘರ್,” ಎಂದರು. ಎರಡು ಒಲೆ, ಒಂದು ಮನೆ.

ಆ ಕಡೆಯಿಂದ ದೊಡ್ಡ ನಗು ಕೇಳಿಸಿತು. ಆಮೇಲೆ ಅವರಿಬ್ಬರೂ ಬಹಳ ಹೊತ್ತು ಸೊಲ್ಲಾಪುರದ ಶೇಂಗಾ ಚಟ್ನಿಯ ಬಗ್ಗೆ ಮಾತಾಡಿದರು. ಕರಾರಿಗೆ ಎರಡೂ ಮನೆಯ ಗಂಡಸರು ಸಹಿ ಹಾಕಿದರು.

ನಡುವೆ ಬಾಗಿಲು ಕೂಡಿಸಿದ್ದು ಒಳ್ಳೆಯದೇ ಆಯಿತು. ಯಾಕೆಂದರೆ ಹೋದ ಹೊಸತರಲ್ಲೇ ಅದು ಮುಚ್ಚಿತು. ಅತ್ತೆ ಬೆಳಗೆದ್ದು ಬೆಳ್ಳುಳ್ಳಿ ಹಾಕಿ ಕೆಂಪು ಚಟ್ನಿ ಕುಟ್ಟುವವರು. ಅಕ್ಕನ ಮನೆಯಲ್ಲಿ ಬೆಳ್ಳುಳ್ಳಿ ಒಳಗೇ ಬರುವುದಿಲ್ಲ. ಹಳೆಯ ಕಟ್ಟಡದಲ್ಲಿ ಗೋಡೆ ತಡೆದಿದ್ದ ವಾಸನೆಯನ್ನು ಇಲ್ಲಿ ಬಾಗಿಲು ತಡೆಯಲಿಲ್ಲ. “ದೇವರ ಕೋಣೆಗೂ ಬರ್ತದೆ ಅಮ್ಮ, ಎಂತ ಮಾಡೂದು?” ಎಂದು ಅಕ್ಕ ಒಮ್ಮೆ ಅಂದರು. “ಹಂಗಾರ ನಾವು ಏನು ತಿನ್ನೂನು?” ಎಂದು ಅತ್ತೆ ಅಂದರು. ಆಚೆಯಿಂದ ಚಿಲಕ ಬಿತ್ತು. ನಾನು ಇಬ್ಬರ ಕಡೆಗೂ ಹೋಗಿ ಬಂದು ಸಾಕಾದೆ. ಇಷ್ಟೆಲ್ಲ ಅಲೆದು ಪಡೆದ ನೆರೆ ಹೀಗಾಯಿತಲ್ಲ ಎಂದು ಬೇಸರವೂ ಆಗಿತ್ತು.

ಒಂದು ಮಧ್ಯಾಹ್ನ ಅತ್ತೆ ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ನಮ್ಮ ಮುಂಬಾಗಿಲಿಂದ ಹೊರಗೆ ಹೋದರು. ನಾಲ್ಕು ಹೆಜ್ಜೆ ನಡೆದು ಅಕ್ಕನ ಕರೆಗಂಟೆ ಒತ್ತಿದರು. ನಾನು ಒಳಗಿನ ಬಾಗಿಲಿಗೆ ಕಿವಿ ಕೊಟ್ಟೆ.

“ಇದೆಂತ ಅಮ್ಮ, ಈ ಕಡೆಯಿಂದ?”

“ಬಿರಾಡಿ ಮಾಡಿ ಮಾತಾಡಾಕ ಬಂದೇನಿ. ಬೀಗರ ಹಂಗ ಮುಂದಿನ ಬಾಗಲದಿಂದ ಬರಬೇಕಲ್ಲ.”

ಅಕ್ಕನಿಗೆ ‘ಬಿರಾಡಿ’ ಎಂದರೇನೆಂದು ತಿಳಿಯಲಿಲ್ಲ ಎಂದು ನನಗೆ ಖಾತ್ರಿ. ಹಾಗೆಂದರೇನೆಂದು ನನಗೂ ಇವತ್ತಿನವರೆಗೆ ಗೊತ್ತಿಲ್ಲ. ಅತ್ತೆಗೆ ಮಾತು ಸಾಲದಾದಾಗ ಹೊಸದೊಂದು ಹುಟ್ಟುತ್ತದೆ. “ಬನ್ನಿ, ಕೂತ್ಕೊಳ್ಳಿ, ಕಾಫಿ ಮಾಡ್ತೇನೆ,” ಎಂಬುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇಬ್ಬರ ನಗು. ಚಟ್ನಿಯನ್ನು ಡ್ರೈ ಬಾಲ್ಕನಿಯಲ್ಲಿ, ಅಕ್ಕನ ಪೂಜೆ ಮುಗಿದ ಮೇಲೆ ಕುಟ್ಟುವುದೆಂದು ತೀರ್ಮಾನವಾಯಿತು.

ಐರೋಲಿ ಕೈತಪ್ಪಿದ್ದಕ್ಕೆ ನನ್ನ ಗಂಡನಿಗೆ ನಿಜಕ್ಕೂ ಕಷ್ಟವಾಗಬೇಕಿತ್ತು. ಕಲ್ಯಾಣದಿಂದ ಠಾಣೆಗೆ ಬಂದು ಅಲ್ಲಿ ಇನ್ನೊಂದು ರೈಲು ಹಿಡಿಯಬೇಕು. ಆದರೆ ಅಕ್ಕನ ಯಜಮಾನರು ವಯಸ್ಸಾಯಿತೆಂದು ಹೋಟೆಲಿನ ಮುಂಜಾನೆಯ ಪಾಳಿ ಬಿಟ್ಟು, ಈಗ ನನ್ನ ಗಂಡನ ಜೊತೆಗೇ ಹೊರಡುತ್ತಾರೆ. ಕಲ್ಯಾಣದಿಂದಲೇ ಹೊರಡುವ ಲೋಕಲಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಗುತ್ತದೆ. ಠಾಣೆಯಲ್ಲಿ ಇಳಿದು, ಎರಡನೆಯ ರೈಲಿಗೆ ಮೊದಲು ನನ್ನ ಗಂಡ ಹೋಟೆಲಿಗೆ ಹೋಗಿ ಗಲ್ಲಾದ ಪಕ್ಕದ ಮೇಜಿನಲ್ಲಿ ಬಿಸಿ ಬನ್ಸ್ ತಿನ್ನುತ್ತಾರೆ. ಮೊನ್ನೆ ಅವರ ಎಲ್ಲ ಪ್ಯಾಂಟುಗಳನ್ನೂ ಸಡಿಲಿಸಲು ದರ್ಜಿಗೆ ಕೊಟ್ಟು ಬಂದೆ.