ಪಂಕ್ಚರ್ ತೆಗೆದ ಗ್ಲೌಸ್

ಮುದ್ದೇಬಿಹಾಳದಲ್ಲಿ ಮೂವತ್ತು ವರ್ಷ ಪಂಕ್ಚರ್ ತೆಗೆದ ನನ್ನ ಗೆಳೆಯ ಮುರ್ತುಜಾಸಾಬ ಯಾವುದನ್ನೂ ಎಸೆದವನಲ್ಲ. ಹರಿದ ಚಪ್ಪಲಿಗೆ, ಸೋರುವ ಕೊಡಕ್ಕೆ, ಕೊನೆಗೆ ಮಳೆಗಾಲದ ತಾಡಪಾಲಿಗೂ ಪ್ಯಾಚ್ ಹಚ್ಚಿದವನು.

ಕರೆಂಟಿನ ಕಾರುಗಳು ಬಂದ ಮೇಲೆ ನಾವಿಬ್ಬರೂ ವಿಜಯಪುರಕ್ಕೆ ಹೋಗಿ ಮೂರು ದಿನ ರಿಪೇರಿ ಕಲಿತೆವು. ಬ್ಯಾಟರಿ ಮುಟ್ಟುವ ಮುನ್ನ ರಬ್ಬರ್ ಗ್ಲೌಸಿಗೆ ಗಾಳಿ ತುಂಬಿ ನೋಡಬೇಕು, ಸೂಜಿಮೊನೆಯಷ್ಟು ತೂತಿದ್ದರೂ ಎಸೆಯಬೇಕು ಎಂದು ಹೇಳಿಕೊಟ್ಟರು.

"ಎಸೀಬೇಕಂತ! ಸಣ್ಣ ತೂತಿಗೆ ಯಾರರ ಎಸೀತಾರೇನೋ ದೋಸ್ತ?" ಎಂದು ಬಸ್ಸಿನಲ್ಲಿ ನಕ್ಕಿದ್ದ.

ಹೋದ ಬೇಸಿಗೆಯಲ್ಲಿ ಅವನ ಬಲಗೈಯ ಗ್ಲೌಸ್ ತೂತಾಯಿತು. ಟ್ಯೂಬ್ ಅದ್ದುವ ತೊಟ್ಟಿಯಲ್ಲೇ ಅದನ್ನೂ ಅದ್ದಿದ. ಗುಳ್ಳೆ ಎದ್ದ ಕಡೆ ಉಜ್ಜಿ, ಸೊಲ್ಯೂಷನ್ ಹಚ್ಚಿ, ಹಳೆಯ ಟ್ಯೂಬಿನ ತುಂಡು ಅಂಟಿಸಿದ. ಮತ್ತೆ ಅದ್ದಿದಾಗ ಒಂದು ಗುಳ್ಳೆಯೂ ಏಳಲಿಲ್ಲ.

"ಪಕ್ಕಾ ಆತು," ಎಂದ.

ಅವನ ಜೊತೆಗೇ ಪಾಠ ಕೇಳಿದ್ದ ನಾನು, ನಾಲಾಯಕ್, ಹೌದೆಂದು ತಲೆಯಾಡಿಸಿದೆ. ಇಂಗಾಲದ ಮಸಿ ಬೆರೆತ ಟ್ಯೂಬಿನ ಕರಿ ರಬ್ಬರು ಗಾಳಿಯನ್ನು ತಡೆದಂತೆ ಕರೆಂಟನ್ನು ತಡೆಯುವುದಿಲ್ಲ ಎಂಬುದು ನಮಗೆ ತಿಳಿದದ್ದು ಮಾರನೆಯ ದಿನ, ಅವನು ಕಾರೊಂದರ ಬ್ಯಾಟರಿ ಬಿಚ್ಚುವಾಗ.

ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದರು. ಈಗ ಅವನು ಮುಚ್ಚಿದ ಅಂಗಡಿಯ ಮುಂದೆ ಸುಮ್ಮನೆ ಕೂತಿರುತ್ತಾನೆ. ಮೊನ್ನೆ ನಾನು ಹೋದಾಗ ಅರ್ಧ ಸುಟ್ಟ ಆ ಗ್ಲೌಸನ್ನು ಎಡಗೈಯಲ್ಲಿ ಎತ್ತಿ ತೋರಿಸಿದ. ಅದನ್ನೂ ಎಸೆದಿರಲಿಲ್ಲ.

"ಪ್ಯಾಚ್ ಮಾತ್ರ ಇನ್ನೂ ಬಿಟ್ಟಿಲ್ಲ ನೋಡೋ," ಎಂದ.