ಸೊನ್ನೆಗೆ ಕೂರಿಸಿದ ಮುಳ್ಳು

ಅದು ಯುದ್ಧದ ಕಾಲ. ಸೀಮೆಎಣ್ಣೆಗೂ ರೇಷನ್ ಚೀಟಿ, ಬಟ್ಟೆಗೂ ಚೀಟಿ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಆ ವರ್ಷದ ಆಯುಧಪೂಜೆಯ ದಿನ ಕೊಪ್ಪದ ನನ್ನ ಅಕ್ಕಿ ಗಿರಣಿಯಲ್ಲಿ ನಾನೇ ಹೇಳಿ ಮಾಡಿಸಿದ ಒಂದು ಸಣ್ಣ ಕೆಲಸ, ಎಂಟು ದಿನದ ಮೇಲೆ ಇಪ್ಪತ್ತಮೂರು ಜನರ ಜೀವ ತೆಗೆಯುವುದರಲ್ಲಿತ್ತು.

ನನ್ನ ಹುಟ್ಟೂರು ಮುತ್ತಿನಕೊಪ್ಪ. ತಲೆಯ ಮೇಲೆ ಬೆಲ್ಲದ ಬುಟ್ಟಿ ಹೊತ್ತು ವ್ಯಾಪಾರ ಶುರು ಮಾಡಿದವನು. ತೂಕದ ವಿಷಯದಲ್ಲಿ ನನಗೆ ಟೋಪಿ ಹಾಕಿದವರಿಲ್ಲ. ಯಾರ ಅಂಗಡಿಗೆ ಹೋದರೂ ಮೊದಲು ತಕ್ಕಡಿಯ ತಟ್ಟೆಗಳನ್ನು ಅದಲುಬದಲು ಮಾಡಿಸಿ, ಆಗಲೂ ಸಮ ನಿಲ್ಲುತ್ತದೆಯೇ ಎಂದು ನೋಡುತ್ತಿದ್ದೆ. ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ಈಗಲೂ ಮೊದಲು ಅದನ್ನೇ ಹೇಳುತ್ತೇನೆ. ಗಿರಣಿಯ ಹಳೆಯ ಬಾಯ್ಲರನ್ನೂ ಹಾಗೆಯೇ ಎರಡು ದಿನ ಚೌಕಾಸಿ ಮಾಡಿ, ಮುಚ್ಚಿಹೋದ ಒಂದು ಮರದ ಮಿಲ್ಲಿನಿಂದ ಅರ್ಧ ಬೆಲೆಗೆ ತಂದಿದ್ದೆ.

ಬಾಯ್ಲರ್ ನೋಡದವರಿಗಾಗಿ ಎರಡು ಮಾತು. ಭತ್ತದ ಹೊಟ್ಟಿನ ಬೆಂಕಿಯಿಂದ ನೀರು ಕಾದು ಆವಿಯಾಗುತ್ತದೆ, ಆ ಆವಿ ಎಂಜಿನ್ ತಿರುಗಿಸುತ್ತದೆ. ಒಳಗೆ ಆವಿಯ ಒತ್ತಡ ಎಷ್ಟಿದೆಯೆಂದು ತೋರಿಸಲು ಗಡಿಯಾರದಂಥ ಒಂದು ಗೇಜು, ಅದರಲ್ಲಿ ಒಂದು ಮುಳ್ಳು. ನನ್ನ ಬಾಯ್ಲರಿಗೆ ಚದರ ಅಂಗುಲಕ್ಕೆ ಎಂಬತ್ತು ಪೌಂಡೇ ಮಿತಿ, ಅಲ್ಲಿ ಕೆಂಪು ಗೆರೆ. ಅದನ್ನು ದಾಟಿದರೆ ಮೇಲಿರುವ ಸೇಫ್ಟಿ ವಾಲ್ವು ತಾನೇ ಎದ್ದು ಹೆಚ್ಚಿನ ಆವಿಯನ್ನು ಹೊರಗೆ ಬಿಡುತ್ತದೆ. ವಾಲ್ವನ್ನು ಅದುಮಿ ಹಿಡಿಯಲು ಒಂದು ಸನ್ನೆಕೋಲು, ಅದರ ತುದಿಗೆ ಒಂದು ಕಬ್ಬಿಣದ ಗುಂಡು.

ಪೂಜೆಯ ದಿನ ಬೆಳಿಗ್ಗೆ ಬೆಂಕಿ ಆರಿಸಿ ಎಲ್ಲವನ್ನೂ ತೊಳೆದೆವು. ಬೆಂಕಿ ನೋಡಿಕೊಳ್ಳುತ್ತಿದ್ದ ತಿಮ್ಮಪ್ಪ ಗೇಜಿನ ಗಾಜು ಬಿಚ್ಚಿ, ಒಳಗಿನ ಮಸಿ ಒರೆಸಿ, ಗಂಧ ಕುಂಕುಮ ಹಚ್ಚಲು ಹೋದ. ಮುಳ್ಳು ಕಳಚಿ ಕೈಗೆ ಬಂತು. ಎಲ್ಲಿಗೆ ಕೂರಿಸಲಿ ಎಂದು ಕೇಳಿದ. ಬೆಂಕಿ ಆರಿದ ಮೇಲೆ ಇನ್ನೆಲ್ಲಿಗೆ? "ಸೊನ್ನೆಗೆ ಕೂರಿಸು ಮಾರಾಯ, ಅದಕ್ಕೂ ಪಂಚಾಂಗ ನೋಡ್ಬೇಕಾ?" ಎಂದೆ. ಅವನು ಸೊನ್ನೆಗೆ ಕೂರಿಸಿ ಒತ್ತಿದ. ಬಾಯ್ಲರಿನ ಮೈ ಇನ್ನೂ ಮುಟ್ಟಲಾಗದಷ್ಟು ಬಿಸಿಯಿತ್ತು. ಅದು ನಮ್ಮಿಬ್ಬರಿಗೂ ದೊಡ್ಡ ವಿಷಯವೆನಿಸಲಿಲ್ಲ.

ಹಬ್ಬ ಕಳೆದು ಗಿರಣಿ ಶುರುವಾದಾಗ ಹೊಸ ತೊಂದರೆ ಬಂತು. ಮುಳ್ಳು ಐವತ್ತು ದಾಟುತ್ತಿದ್ದಂತೆಯೇ ವಾಲ್ವು ಎದ್ದು ಬುಸ್ಸೆಂದು ಆವಿ ಉಗುಳತೊಡಗಿತು. ಹೊರಗೆ ಭತ್ತದ ಗಾಡಿಗಳ ಸಾಲು. ವಾಲ್ವು ಹಳತಾಗಿದೆ, ಹಿಡಿತ ಸಾಲದು ಎಂದು ನಾನೇ ತೀರ್ಮಾನ ಮಾಡಿದೆ. ತಕ್ಕಡಿಯ ಹತ್ತಿರವಿದ್ದ ಐದು ಸೇರಿನ ತೂಕದ ಕಲ್ಲನ್ನು, ಅದೂ ಸರ್ಕಾರಿ ಮುದ್ರೆ ಬಿದ್ದದ್ದನ್ನು, ತಂತಿ ಕಟ್ಟಿ ಆ ಗುಂಡಿನ ಪಕ್ಕ ನೇತುಹಾಕಿಸಿದೆ. ಬುಸುಗುಟ್ಟುವುದು ನಿಂತಿತು. ಮುಳ್ಳು ಎಂಬತ್ತಕ್ಕೆ ಬಂತು. ಅಷ್ಟೇ ಅಲ್ಲ, ಎಂಜಿನ್ ಮೊದಲಿಗಿಂತ ಜೋರಾಗಿ ಓಡಿ ದಿನಕ್ಕೆ ಎರಡು ಗಾಡಿ ಭತ್ತ ಹೆಚ್ಚಿಗೆ ಮಿಲ್ಲಾಗತೊಡಗಿತು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದೆ.

ಎಂಟನೆಯ ದಿನ ನರಸಿಂಹರಾಜಪುರದ ಇಬ್ರಾಹಿಂ ಸಾಬರು ಬಂದರು. ಅಲ್ಲಿಗೆ ಓಡುತ್ತಿದ್ದ ಟ್ರಾಮ್ ಎಂಬ ಪುಟ್ಟ ರೈಲಿನ ಆವಿ ಎಂಜಿನ್ ರಿಪೇರಿಯಲ್ಲಿ ತಲೆ ನರೆತವರು. ಕೊಪ್ಪದಲ್ಲಿದ್ದ ಮಗಳ ಮನೆಗೆ ಒಂದು ಮೂಟೆ ಭತ್ತ ಮಾಡಿಸಿ ಕೊಡಲು ಬಂದು ಜಗುಲಿಯ ಮೇಲೆ ಕುಳಿತಿದ್ದರು. ಇದ್ದಕ್ಕಿದ್ದಂತೆ ಎದ್ದು ಒಳಗೆ ಬಂದು, ಎಷ್ಟು ಪೌಂಡಿನಲ್ಲಿ ಓಡಿಸುತ್ತಿದ್ದೀರಿ ಎಂದು ಕೇಳಿದರು. ಗೇಜು ತೋರಿಸಿದೆ. ಮುಳ್ಳು ಕೆಂಪು ಗೆರೆಯ ಮೇಲೆ ನೆಟ್ಟಗಿತ್ತು.

"ಈ ಸದ್ದು ಎಂಬತ್ತರದ್ದಲ್ಲ ಸಾವ್ಕಾರ್ರೆ," ಎಂದರು.

ಮಿಲ್ಲಿನ ಕೂಲಿ ಬಿಡಿಸಿಕೊಳ್ಳಲು ಏನೋ ಆಟ ಹೂಡಿದ್ದಾರೆ ಎಂದೇ ನಾನು ಎಣಿಸಿದ್ದು. ಅವರು ನನ್ನ ಕಡೆ ನೋಡದೆ ತಿಮ್ಮಪ್ಪನನ್ನು ಕೇಳಿದರು: ಬೆಳಿಗ್ಗೆ ಬೆಂಕಿ ಹಾಕಿದ ಮೇಲೆ ಮೊದಲು ಮುಳ್ಳು ಏಳುತ್ತದೋ, ಆಳುಗಳನ್ನು ಕರೆಯುವ ಆವಿಯ ಸೀಟಿ ಕೂಗುತ್ತದೋ?

"ಸೀಟಿ ಕೂಗ್ತದೆ ಸಾಬ್ರೆ. ಅದು ಕೂಗಿ ಎಷ್ಟೋ ಹೊತ್ತಾದ್ಮೇಲೆ ಮುಳ್ಳು ಅಲ್ಲಾಡೋದು."

"ಸೀಟಿ ಕೂಗೋವಷ್ಟು ಆವಿ ಬಂದ್ರೂ ಮುಳ್ಳು ಏಳೋದಿಲ್ಲ ಅಂದ್ರೆ ಅದು ಕಡಿಮೆ ತೋರಿಸ್ತಿದೆ," ಎಂದರು ಸಾಬರು. ನನ್ನ ತೋಳು ಹಿಡಿದು ಬಾಯ್ಲರಿನ ಬದಿಗೆ ಕರೆದೊಯ್ದರು. ತಗಡು ಕೂಡಿಸಿದ ರಿವೆಟ್ ಮೊಳೆಗಳ ಸಾಲಿನಲ್ಲಿ ಎರಡು ಕಡೆ ನೀರು ಮುತ್ತುಮುತ್ತಾಗಿ ಹೊರಬಂದು ಚುರ್ರೆಂದು ಆರುತ್ತಿತ್ತು. ನಾನು ಮೇಲಿನ ತೂಕದ ಕಲ್ಲಿಗೆ ಕೈ ಚಾಚಿದೆ. ಅವರು ನನ್ನ ಕೈಯನ್ನು ಹೊಡೆದು ಕೆಳಗಿಳಿಸಿದರು.

"ಒಮ್ಮೆಲೇ ಬಿಟ್ರೆ ಇಡೀ ಬಾಯ್ಲರೇ ಎದ್ದು ಬರ್ತದೆ. ಮೊದ್ಲು ಜನ ಹೊರಗೆ ಹೋಗ್ಲಿ. ಓಡಬಾರ್ದು, ಕೂಗಬಾರ್ದು."

ಗೋಡೆಯ ಆಚೆ ಹೆಂಗಸರು ಅಕ್ಕಿ ಕೇರುತ್ತಿದ್ದರು. ಅಂಗಳದಲ್ಲಿ ಗಾಡಿಯವರು. ನಾನು ಹೋಗಿ ಆದಷ್ಟು ಸಹಜವಾಗಿ, ಇವತ್ತಿಗೆ ಸಾಕು, ಎಲ್ಲರೂ ಕೆರೆ ಏರಿಯ ಆಚೆ ಹೋಗಿ ಕೂತುಕೊಳ್ಳಿ, ದಿನದ ಕೂಲಿ ಪೂರ್ತಿ ಕೊಡುತ್ತೇನೆ ಎಂದೆ. ಯಾರೂ ಏಳಲಿಲ್ಲ. ಕೇರುವವರಲ್ಲಿ ಹಿರಿಯಳಾದ ಗಿಡ್ಡಮ್ಮ ಮೊರ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ಅರ್ಧ ದಿನಕ್ಕೆ ಪೂರಾ ಕೂಲಿಯಾ? ಅಯ್ಯಾ, ಎಂತ ಆಗಿದೆ ಹೇಳಿ."

ನನ್ನ ಕಣ್ಣು ಬಾಯ್ಲರಿನ ಕಡೆಯ ಗೋಡೆಗೆ ಹೋಯಿತು. ಅವಳು ಮತ್ತೆ ಕೇಳಲಿಲ್ಲ. "ಏಳ್ರೇ," ಎಂದಷ್ಟೇ ಅಂದು, ಎಲ್ಲರನ್ನೂ ಎಬ್ಬಿಸಿಕೊಂಡು, ಗಾಡಿಯವರನ್ನೂ ಕರೆದುಕೊಂಡು ಹೊರಟಳು. ಬಾಗಿಲಲ್ಲಿ ನಿಂತು ಎಣಿಸಿದೆ. ಇಪ್ಪತ್ತಮೂರು.

ಒಳಗೆ ನಾವು ಮೂವರು ಉಳಿದೆವು. ತಿಮ್ಮಪ್ಪ ಬೆಂಕಿಯ ಮೇಲೆ ಬೂದಿ ಮುಚ್ಚಿ ಗಾಳಿಯ ಬಾಗಿಲು ಹಾಕಿದ. ಎಂಜಿನ್ ನಿಲ್ಲಿಸಬಾರದು, ಅದು ಆವಿ ಕುಡಿಯುತ್ತಲೇ ಇರಬೇಕು ಎಂದರು ಸಾಬರು. ಬರಿದೇ ತಿರುಗಿದರೆ ಅದು ಹೆಚ್ಚು ಕುಡಿಯುವುದಿಲ್ಲ, ಯಂತ್ರಕ್ಕೆ ಭತ್ತ ಬೀಳುತ್ತಲೇ ಇರಬೇಕು. ಭತ್ತ ಹಾಕುವವರನ್ನು ನಾನೇ ಕಳಿಸಿಬಿಟ್ಟಿದ್ದೆ. ಶಾಲು ಬಿಸಾಡಿ ಬುಟ್ಟಿ ತಲೆಗೇರಿಸಿದೆ. ಹತ್ತು ಮಾರು ದೂರದಲ್ಲಿ ಬಾಯ್ಲರು. ಪ್ರತಿ ಸಲ ಭತ್ತ ಸುರಿಯಲು ಅದಕ್ಕೆ ಬೆನ್ನು ತಿರುಗಿಸಬೇಕಿತ್ತು. ಬುಟ್ಟಿಗಳ ಲೆಕ್ಕ ತಪ್ಪಿತು. ಸಾಬರು ಮಾತ್ರ ಒಮ್ಮೆಯೂ ಗೇಜಿನ ಕಡೆ ನೋಡಲಿಲ್ಲ. ಎಂಜಿನ್ನಿನ ಉಸಿರಿಗೆ ಕಿವಿಗೊಟ್ಟು, ಒಸರುತ್ತಿದ್ದ ಆ ಎರಡು ಮೊಳೆಗಳ ಮೇಲೆ ಕಣ್ಣಿಟ್ಟು ನಿಂತಿದ್ದರು.

ಬಹಳ ಹೊತ್ತಿನ ಮೇಲೆ ಸದ್ದು ಭಾರವಾಯಿತು, ಯಂತ್ರ ತಿರುಗಿಸುವ ಬೆಲ್ಟಿನ ಓಟ ತಗ್ಗಿತು. ಸಾಬರು ಒಂದು ಬಿದಿರ ಗಳು ತೆಗೆದುಕೊಂಡು ದೂರದಿಂದಲೇ ಆ ತೂಕದ ಕಲ್ಲನ್ನು ಮೆಲ್ಲಗೆ ಎತ್ತಿ ಹಿಡಿದರು. ವಾಲ್ವು ಸಣ್ಣಗೆ ಸುಯ್ಯೆಂದಿತು. ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಂಡಿತು.

"ಈಗ ಎಂಬತ್ತು," ಎಂದರು ಸಾಬರು.

ಗೇಜು ನೋಡಿದೆ. ಮುಳ್ಳು ಐವತ್ತೆರಡರಲ್ಲಿತ್ತು.

ಅಷ್ಟು ದಿನ ವಾಲ್ವು ನಿಜ ಹೇಳುತ್ತಿತ್ತು. ನಾನು ಅದರ ಬಾಯಿಗೆ ಕಲ್ಲು ಕಟ್ಟಿ, ಸುಳ್ಳು ಹೇಳುವ ಮುಳ್ಳನ್ನು ನಂಬಿದ್ದೆ. ಪೂಜೆಯ ದಿನ ಬೆಂಕಿ ಆರಿದ್ದರೂ ಒಳಗೆ ಇಪ್ಪತ್ತೆಂಟು ಪೌಂಡು ಆವಿ ಉಳಿದಿತ್ತು. ಅದನ್ನೇ ಸೊನ್ನೆ ಎಂದು ಕೂರಿಸಿದೆವು. ಪೂರಾ ತಣ್ಣಗಾದಾಗ ಮುಳ್ಳು ಸೊನ್ನೆಗಿಂತ ಕೆಳಗಿಳಿದು ತಪ್ಪು ತೋರಿಸಿಕೊಡಬೇಕಿತ್ತು. ಆದರೆ ಸೊನ್ನೆಯ ಹತ್ತಿರ ಒಂದು ಸಣ್ಣ ಗೂಟವಿದೆ. ಮುಳ್ಳು ಅದಕ್ಕೆ ಒರಗಿ ಸುಮ್ಮನೆ ನಿಂತಿತ್ತು.

ಮರುದಿನ ಸಾಬರು ತಮ್ಮ ಮನೆಯಲ್ಲಿಟ್ಟಿದ್ದ ಪರೀಕ್ಷೆಯ ಗೇಜನ್ನೂ ಒಂದು ಕೈಪಂಪನ್ನೂ ತಂದರು. ಒಂದೇ ಕೊಳವೆಗೆ ಎರಡೂ ಗೇಜು ಸಿಕ್ಕಿಸಿ, ಪಂಪಿನಿಂದ ನೀರು ಒತ್ತಿ, ಹತ್ತು ಹತ್ತು ಪೌಂಡಿಗೆ ನಿಲ್ಲಿಸಿ, ಎರಡರ ಅಂಕಿಯನ್ನೂ ಇದ್ದಿಲಿನಿಂದ ಗೋಡೆಯ ಮೇಲೆ ಬರೆದರು. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಆಮೇಲೆ ಮುಳ್ಳು ಕಿತ್ತು ಸರಿಯಾದ ಜಾಗಕ್ಕೆ ಕೂರಿಸಿ ಮತ್ತೆ ಮೊದಲಿನಿಂದ ನೋಡಿದರು. ಆಗಲೂ ಮೇಲಿನ ಅಂಕಿಗಳಲ್ಲಿ ಎರಡು ಪೌಂಡು ಕಡಿಮೆ ತೋರಿಸುತ್ತಿತ್ತು. ಅದಕ್ಕೆ ಏನು ಮಾಡುವುದು ಎಂದೆ. "ಎಂತ ಮಾಡೋದು, ಬರೆದಿಟ್ಕೊಳ್ಳಿ. ಎಷ್ಟು ತಪ್ಪು ಅಂತ ಗೊತ್ತಿದ್ರೆ ಅದ್ರಲ್ಲೇ ಕೆಲ್ಸ ಮಾಡ್ಬಹುದು," ಎಂದರು. ಒಸರುತ್ತಿದ್ದ ಮೊಳೆಗಳನ್ನು ಬದಲಾಯಿಸುವ ತನಕ ಬೆಂಕಿ ಹಾಕಬೇಡಿ ಎಂದು ಆಣೆ ಹಾಕಿಸಿಕೊಂಡು ಹೊರಟರು. ಏನು ಕೊಡಲಿ ಎಂದು ಕೇಳಿದ್ದಕ್ಕೆ, ನಿನ್ನೆ ಬಿಟ್ಟುಹೋದ ಭತ್ತದ ಮೂಟೆಗೆ ಬದಲು ಅಕ್ಕಿ ಕೊಡಿ ಎಂದರು. ಜೀವಮಾನದಲ್ಲಿ ಚೌಕಾಸಿ ಮಾಡಲು ನನಗೆ ಬಾಯಿ ಬಾರದೆ ಹೋದದ್ದು ಅದೊಂದೇ ಸಲ.

ಆಮೇಲೆ ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ, ಬಾಯ್ಲರು ಪೂರಾ ತಣ್ಣಗಾದ ಮೇಲೆ, ಎರಡು ಗೇಜನ್ನೂ ಒಂದೇ ಕೊಳವೆಗೆ ಸಿಕ್ಕಿಸಿ ನೋಡಿದ ಹೊರತು ನಾನು ಕುಂಕುಮದ ಬಟ್ಟಲು ಮುಟ್ಟುತ್ತಿರಲಿಲ್ಲ. ಯಂತ್ರ ಇಟ್ಟುಕೊಂಡವರಿಗೆಲ್ಲ ನಾನು ಹೇಳುವುದೂ ಇಷ್ಟೇ: ತಕ್ಕಡಿಯ ತಟ್ಟೆ ಬದಲಾಯಿಸಿ ನೋಡುವ ಹಾಗೆ ಅದನ್ನೂ ನೋಡಿ. ಗಿರಣಿಗೆ ಸುಣ್ಣ ಬಳಿಯುವವರಿಗೆ ಆ ಇದ್ದಿಲಿನ ಅಂಕಿಗಳಿರುವ ಗೋಡೆಯನ್ನು ಬಿಟ್ಟುಬಿಡಿ ಎನ್ನುತ್ತಿದ್ದೆ.

ಗಿಡ್ಡಮ್ಮ ಬದುಕಿರುವ ತನಕ ನನ್ನನ್ನು ಬಿಡಲಿಲ್ಲ. ಹಬ್ಬಕ್ಕೆ ನಾಲ್ಕು ಕಾಸು ಹೆಚ್ಚಿಗೆ ಕೊಟ್ಟರೆ ಸಾಕು, ಕೈಯಲ್ಲಿ ಹಿಡಿದುಕೊಂಡು ಮೊದಲು ಒಳಗೆ ಇಣುಕಿ ನೋಡುವಳು. "ಅಯ್ಯಾ, ಬಾಯ್ಲರ್ ಸಮ ಇದೆಯಲ್ಲ?" ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಅವರೂ ಗಾಡಿಯವರೂ ಸಂಜೆ ಕೆಲಸ ಬಿಟ್ಟು ಸಾಲಾಗಿ ಬಾಗಿಲು ದಾಟುವಾಗ, ನನಗೇ ತಿಳಿಯದೆ ತುಟಿ ಅಲ್ಲಾಡುತ್ತಿತ್ತು. ಇಪ್ಪತ್ತಮೂರರ ತನಕ ಎಣಿಸಿದ ಮೇಲೆಯೇ ಉಸಿರು ಬಿಡುತ್ತಿದ್ದೆ.